ಕಟಾಜ್ಜಕ್ ಕೇಳೋದು ಹೇಗೆ: ನಕ್ಕವ್ರು ಔಟ್

ಕೆನಡಾದ ಉತ್ತರದ ತುದೀಲಿ, ನುನಾವುಟ್, ನುನಾವಿಕ್ ಕಡೆ, ಅಲ್ಲಿನ ಮೂಲನಿವಾಸಿ ಇನುಯಿಟ್ ಹೆಂಗಸರು ಗಂಟಲಲ್ಲೇ ಹಾಡ್ತಾರಲ್ಲ, ಅದೇ ಕಟಾಜ್ಜಕ್. ಮೊದಲ್ನೇ ಸಲ ಕೇಳ್ದಾಗ ಯಾರೋ ಏದುಸಿರು ಬಿಡ್ತಿದಾರೆ ಅನ್ಸಿ ಅರ್ಧ ನಿಮಿಷಕ್ಕೇ ಆಫ್ ಮಾಡಿದ್ದೆ. ಹಾಡು ಅಂದ್ಕೊಂಡು ಕೇಳಿದ್ದೇ ತಪ್ಪು. ಅದು ಆಟ ಕಣ್ರೀ.

ಅದಕ್ಕೇ ಮೊದ್ಲು ವಿಡಿಯೋ ನೋಡಿ. ಇಬ್ರು ಎದುರುಬದುರು ನಿಂತು, ಒಬ್ರ ತೋಳು ಒಬ್ರು ಹಿಡ್ಕೊಂಡು ತೂಗಾಡ್ತಿರ್ತಾರೆ. ಒಬ್ರು ಚಿಕ್ಕ ಸದ್ದೊಂದು ಮಾಡಿ ಚೂರು ಸಂದಿ ಬಿಡ್ತಾರೆ, ಆ ಸಂದೀಲಿ ಇನ್ನೊಬ್ರು ತಮ್ಮ ಸದ್ದು ತೂರಿಸ್ತಾರೆ, ಉಸಿರು ಎಳ್ಕೊಳ್ವಾಗ್ಲೂ ಸದ್ದು, ಬಿಡ್ವಾಗ್ಲೂ ಸದ್ದು, ಹಿಂಗೇ ಹೋಗ್ತಾ ಯಾರಿಗೆ ಮೊದ್ಲು ನಗು ಬರತ್ತೋ ಉಸಿರು ತಪ್ಪತ್ತೋ ಅವ್ರು ಔಟ್. ಕೊನೇಲಿ ಇಬ್ರೂ ಬಿದ್ದುಬಿದ್ದು ನಗೋದನ್ನ ಕಟ್ ಮಾಡಿರೋ ವಿಡಿಯೋ ನೋಡ್ಲೇಬೇಡಿ.

ಆಮೇಲೆ ಹೆಡ್‌ಫೋನ್ ಹಾಕಿ, ಒಬ್ರ ದನಿ ಮಾತ್ರ ಹಿಡ್ಕೊಂಡು ಹೋಗಿ. ಹತ್ತು ಸೆಕೆಂಡಲ್ಲಿ ಯಾರ್ದು ಯಾವ್ದು ಅಂತ ಕಳ್ದುಹೋಗತ್ತೆ, ಪರವಾಗಿಲ್ಲ. ಸಾಹಿತ್ಯ ಹುಡುಕ್ಬೇಡಿ, ಗಾಳಿ, ನದಿ, ಹೆಬ್ಬಾತು, ನಾಯಿಮರಿ ಹುಡುಕಿ. ರಷ್ಯಾದ ಟುವಾ ಪ್ರಾಂತ್ಯದ ಗಂಟಲು ಹಾಡು ಬೇರೆ, ಅಲ್ಲಿ ಒಬ್ರೇ ಎರಡು ಸ್ವರ ಹೊರಡಿಸ್ತಾರೆ.

ಮನೇಲಿ ಟ್ರೈ ಮಾಡ್ಬಹುದು. ಉಸಿರು ಬಿಡ್ತಾ ಗಂಟಲಾಳದಿಂದ "ಹಂ", ಎಳ್ಕೊಳ್ತಾ "ಹಾ", ಎದುರಿನವ್ರು ಅರ್ಧ ತಾಳ ತಡವಾಗಿ ಅದನ್ನೇ. ತಂಗಿ ಜೊತೆ ಕೂತೆ, ಅವಳ ಹುಬ್ಬು ಮೇಲೇರಿದ್ದು ನೋಡಿ ಐದನೇ ಉಸಿರಿಗೆ ಸೋತೆ. ರೀಲ್ಸ್ ಮಾತ್ರ ಮಾಡ್ಬೇಡಿ ದಯವಿಟ್ಟು. ಮಿಷನರಿಗಳು ಬೇಡ ಅಂತ ತಡೆದಿದ್ದನ್ನ ಅಜ್ಜಿಯರು ನೆನಪಲ್ಲಿಟ್ಕೊಂಡು ಉಳ್ಸಿರೋದು, 2014ರಲ್ಲಿ ನುನಾವಿಕ್ ಇರೋ ಕ್ವಿಬೆಕ್ ಪ್ರಾಂತ್ಯದ ಸರ್ಕಾರ ಅದಕ್ಕೆ ಪರಂಪರೆ ಅನ್ನೋ ಮಾನ್ಯತೆ ಕೊಡ್ತು.

ರುಚಿ ಹತ್ತಿದ್ರೆ ಇನುಯಿಟ್ ಗಾಯಕಿ ತಾನ್ಯಾ ತಗಾಕ್ ಅವ್ರನ್ನ ಕೇಳಿ. ಊರು ಬಿಟ್ಟು ಹ್ಯಾಲಿಫ್ಯಾಕ್ಸಲ್ಲಿ ಓದ್ತಿದ್ದಾಗ ಅಮ್ಮ ಕಳ್ಸಿದ ಕ್ಯಾಸೆಟ್ ಕೇಳಿ ಕಲ್ತವ್ರು, ಜೊತೆಗಾರ್ತಿ ಇಲ್ದೆ ಒಬ್ರೇ ಹಾಡ್ತಾರೆ, ಕೆನಡಾದ ಸಂಗೀತ ಪ್ರಶಸ್ತಿ ಪೋಲಾರಿಸ್ ಪ್ರೈಜ್ 2014ರಲ್ಲಿ ಅವ್ರದ್ದೇ. ರಾತ್ರಿ ಒಬ್ರೇ ಇದ್ದಾಗ ಬೇಡ, ಹೆದ್ರಿಕೆ ಆಗತ್ತೆ. ಹಗುರವಾಗಿ ಬೇಕಂದ್ರೆ ನುನಾವುಟ್ ರಾಜಧಾನಿ ಇಕಾಲುಯಿಟ್‌ನ ಜೆರ್ರಿ ಕ್ಯಾನ್ಸ್ ಬ್ಯಾಂಡ್ ಇದೆ, ಇನುಯಿಟ್ ಜನರ ಇನುಕ್ಟಿಟುಟ್ ಭಾಷೆ, ರಾಕ್, ಜೊತೆಗೆ ಅಕಾರ್ಡಿಯನ್. ಆ ಪೆಟ್ಟಿಗೆ ಅಲ್ಲಿಗೆ ಬಂದಿದ್ದು ತಿಮಿಂಗಿಲ ಬೇಟೆಗೆ ಬರ್ತಿದ್ದ ಸ್ಕಾಟ್‌ಲೆಂಡಿನವ್ರ ಹಡಗಲ್ಲಿ.

ಅಲ್ಲಿಗೇ ಹೋಗಿ ಕೇಳೋಣ ಅಂದ್ರೆ, ದಕ್ಷಿಣದಿಂದ ಇಕಾಲುಯಿಟ್‌ಗೆ ರೋಡೇ ಇಲ್ಲ, ಒಟ್ಟಾವಾದಿಂದ ಫ್ಲೈಟಲ್ಲಿ ಮೂರು ಗಂಟೆ ಹತ್ರ. ಟಿಕೆಟ್ ರೇಟ್ ನೋಡಿ ಅಲ್ಲೂ ನಾನು ಔಟ್.