ಕ್ಲೌನ್ ಲೋಚ್ ಸಾಕಬೇಕಾ? ಮೊದಲು ಫಿಲ್ಟರ್, ಮೀನು ಆಮೇಲೆ

ಅಂಗಡಿಯಲ್ಲಿ ಕ್ಲೌನ್ ಲೋಚ್ ನೋಡಿದವರು ಬರಿಗೈಯಲ್ಲಿ ಮನೆಗೆ ಬರುವುದು ಕಷ್ಟ. ಕಿತ್ತಳೆ ಮೈ, ಮೂರು ಅಗಲ ಕಪ್ಪು ಪಟ್ಟೆ, ಬಾಯಿ ಹತ್ತಿರ ಪುಟ್ಟ ಮೀಸೆ. ಎರಡು ಇಂಚಿನ ಮರಿ, ಎರಡಡಿ ಟ್ಯಾಂಕಿಗೆ ಎರಡು ಸಾಕು ಅಂತ ತರುತ್ತಾರೆ. ನಾನೂ ಹಾಗೇ ತಂದವನು, ಹಾಗೇ ಕಳೆದುಕೊಂಡವನು.

ಇದರ ಊರು ಇಂಡೋನೇಷ್ಯಾದ ಸುಮಾತ್ರಾ, ಬೋರ್ನಿಯೊ ದ್ವೀಪಗಳ ನದಿಗಳು. ಅಲ್ಲಿ ಒಂದಡಿವರೆಗೆ ಬೆಳೆಯುತ್ತದೆ, ಟ್ಯಾಂಕಿನಲ್ಲೂ 8-10 ಇಂಚು ಆಗುವುದುಂಟು. ಚೆನ್ನಾಗಿ ನೋಡಿಕೊಂಡರೆ 20 ವರ್ಷ ಬದುಕುತ್ತದೆ. ಒಂಟಿ ಬಿಟ್ಟರೆ ಮೂಲೆ ಹಿಡಿದು ಕೂರುತ್ತದೆ, ಹಾಗಾಗಿ ಕನಿಷ್ಠ ಐದಾರು ಬೇಕು. ಘಟ್ಟದ ಮೇಲೆ ತುಂಗೆಯಲ್ಲಿ ಇದರ ದಾಯಾದಿ ಒಂದಿದೆ, ಜೀಬ್ರಾ ಲೋಚ್, ಚಿಕ್ಕದು. ಆದರೆ ಅದು ಅಳಿವಿನ ಅಂಚಿನಲ್ಲಿರುವ ಮೀನು, ಜಾಗ ಕಮ್ಮಿ ಅಂತ ಅದನ್ನು ತರಬೇಡಿ.

ಟ್ಯಾಂಕ್ ಕನಿಷ್ಠ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 255 ಲೀಟರ್ ಹಿಡಿಯುತ್ತದೆ. ಇದು ಮರಿಗಳಿಗೆ ಮೊದಲ ಎರಡು ಮೂರು ವರ್ಷಕ್ಕೆ ಮಾತ್ರ, ಆಮೇಲೆ ಆರಡಿಯದ್ದು ಬೇಕೇ ಬೇಕು. ಗಾಜು, ಹೊಯ್ಗೆ, ಸ್ಟ್ಯಾಂಡ್ ಎಲ್ಲ ಸೇರಿದರೆ ತೂಕ 300 ಕಿಲೋ ದಾಟುತ್ತದೆ. ಹಳೇ ಮರದ ಅಟ್ಟದ ಮೇಲೆಲ್ಲ ಇಡುವ ಯೋಚನೆ ಬೇಡ. ತಳಕ್ಕೆ ನುಣ್ಣಗಿನ ಹೊಯ್ಗೆ ಹಾಕಿ, ಚೂಪು ಜಲ್ಲಿ ಅಲ್ಲ, ಏಕೆಂದರೆ ಇವು ಇಡೀ ದಿನ ಮೀಸೆ ಊರಿಕೊಂಡು ನೆಲ ಕೆದಕುತ್ತಾ ಇರುತ್ತವೆ. ಸಮುದ್ರದ ಹೊಯ್ಗೆ ಬೇಡ, ಅದರಲ್ಲಿ ಉಪ್ಪು, ಚಿಪ್ಪು ಎರಡೂ ಇರುತ್ತದೆ. ಅಡಗಲು ಮಣ್ಣಿನ ಮಡಕೆ, ದಪ್ಪ ಪಿವಿಸಿ ಪೈಪಿನ ತುಂಡು ಸಾಕು. ಮೇಲೆ ಮುಚ್ಚಳ ಬೇಕು, ಹಾರುತ್ತವೆ.

ಈಗ ಫಿಲ್ಟರ್. ದುಡ್ಡು ಉಳಿಸುವುದಾದರೆ ಲೈಟಿನಲ್ಲಿ ಉಳಿಸಿ, ಇಲ್ಲಿ ಬೇಡ. ಲೋಚ್ ಹರಿಯುವ ನೀರಿನ ಮೀನು. ಅದಕ್ಕೆ ಗಾಳಿ ಜಾಸ್ತಿ ಇರುವ, ಹೊಲಸು ನಿಲ್ಲದ ನೀರು ಬೇಕು. ಗಂಟೆಗೆ ಟ್ಯಾಂಕಿನ ನೀರೆಲ್ಲ ಐದಾರು ಸಲ ಫಿಲ್ಟರಿನ ಒಳಗೆ ಹೋಗಿ ಬರಬೇಕು. 255 ಲೀಟರಿಗೆ ಅದು ಸುಮಾರು 1500 ಲೀಟರ್ ಆಯಿತು. ಆದರೆ ಪಂಪಿನ ಡಬ್ಬದ ಮೇಲೆ ಬರೆದಷ್ಟು ನೀರು ಮೇಲಕ್ಕೆ ಏರುವುದಿಲ್ಲ, 2000ದ್ದು ತಗೊಳ್ಳಿ.

ಕ್ಯಾನಿಸ್ಟರ್, ಅಂದರೆ ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬದ ಫಿಲ್ಟರ್ ಕೂಡ ಆಗುತ್ತದೆ. ನನಗೆ ಇಷ್ಟ ಸಂಪ್, ಅಂದರೆ ಟ್ಯಾಂಕಿನ ಕೆಳಗಿಡುವ ಫಿಲ್ಟರ್ ಪೆಟ್ಟಿಗೆ. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಟ್ಯಾಂಕಿನ ಮೇಲಂಚಿನಿಂದ ನೀರು ತಾನಾಗಿ ಇಳಿದು ಕೆಳಗಿನ ಗಾಜಿನ ಪೆಟ್ಟಿಗೆಗೆ ಬರುತ್ತದೆ. ಮೊದಲ ಖಾನೆಯಲ್ಲಿ ಕಸ ಹಿಡಿಯುವ ಫಿಲ್ಟರ್ ಹತ್ತಿ, ಆಮೇಲೆ ಒರಟು ಸ್ಪಾಂಜ್, ಅದರಾಚೆ ಸೆರಾಮಿಕ್ ರಿಂಗ್, ಕೊನೆಗೆ ನೀರನ್ನು ವಾಪಸ್ ಏರಿಸುವ ಪಂಪ್. ನೀರು ಇಳಿಯುವ ಬಾಯಿಗೆ ಜಾಳಿಗೆ ಕಟ್ಟಲು ಮರೆಯಬೇಡಿ. ನನ್ನದೊಂದು ಮರಿ ಎರಡು ದಿನ ಕಾಣೆಯಾಗಿತ್ತು, ಹುಡುಕಿದರೆ ಸಂಪಿನಲ್ಲಿ ರಿಂಗಿನ ಮೇಲೆ ಆರಾಮಾಗಿ ಮಲಗಿದೆ!

ಇನ್ನೊಂದು ಕಥೆ ಇಷ್ಟು ತಮಾಷೆಯದ್ದಲ್ಲ. ಜುಲೈ ತಿಂಗಳ ಒಂದು ರಾತ್ರಿ, ಜೋರು ಮಳೆ, ಕರೆಂಟ್ ಹೋಯಿತು. ಪಂಪಿನಿಂದ ಮೇಲೆ ಬರುವ ಪೈಪಿನ ತುದಿಯನ್ನು ನಾನು ಟ್ಯಾಂಕಿನ ನೀರಲ್ಲಿ ಅರ್ಧ ಅಡಿ ಮುಳುಗಿಸಿಟ್ಟಿದ್ದೆ. ಪಂಪ್ ನಿಂತದ್ದೇ ತಡ, ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿಯಲು ಶುರು. ಅರ್ಧ ಅಡಿ ನೀರೆಂದರೆ 80 ಲೀಟರಿಗಿಂತ ಜಾಸ್ತಿ, ಸಂಪ್ ಅಷ್ಟನ್ನು ಎಲ್ಲಿ ಹಿಡಿಯುತ್ತದೆ? ಬೆಳಿಗ್ಗೆ ಚಾವಡಿಗೆ ಕಾಲಿಟ್ಟರೆ ಚಪ್ ಚಪ್. ಪರಿಹಾರ ಒಂದು ಸಣ್ಣ ತೂತು ಅಷ್ಟೇ. ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗೆ ಕೊರೆಯಿರಿ. ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಎಳೆದುಕೊಂಡು ಹರಿವು ನಿಲ್ಲುತ್ತದೆ. ಹಗಲಲ್ಲೇ ಒಮ್ಮೆ ಪ್ಲಗ್ ಕಿತ್ತು ಸಂಪ್ ಎಷ್ಟು ತುಂಬುತ್ತದೆ ಅಂತ ನೋಡಿ, ಅದಕ್ಕೆ ತಕ್ಕ ಹಾಗೆ ನೀರಿಗೆ ಗುರುತು ಹಾಕಿಡಿ.

ಮಳೆಗಾಲದಲ್ಲಿ ಕರೆಂಟ್ ಗಂಟೆಗಟ್ಟಲೆ ಇರುವುದಿಲ್ಲ, ಇದು ನಮಗೆ ಹೊಸದಲ್ಲ ಅಲ್ವಾ. ಒಂದು ಸ್ಪಾಂಜ್ ಫಿಲ್ಟರನ್ನು ಟ್ಯಾಂಕಿನ ಮೂಲೆಯಲ್ಲಿ ಯಾವಾಗಲೂ ಓಡಿಸಿ, ಅದರ ಏರ್ ಪಂಪನ್ನು ಇನ್ವರ್ಟರ್ ಲೈನಿಗೆ ಕೊಡಿ. ಸಣ್ಣ ಏರ್ ಪಂಪ್ ಐದು ವ್ಯಾಟ್ ಕೂಡ ತಿನ್ನುವುದಿಲ್ಲ. ಕ್ಯಾನಿಸ್ಟರ್ ಇದ್ದವರು ಇನ್ನೂ ಹುಷಾರಾಗಿರಬೇಕು. ಮುಚ್ಚಿದ ಡಬ್ಬದಲ್ಲಿ ನೀರು ತುಂಬ ಹೊತ್ತು ನಿಂತರೆ ಕೊಳೆಯುತ್ತದೆ, ಕರೆಂಟ್ ಬಂದಾಗ ಆ ನಾತದ ನೀರನ್ನು ಚೆಲ್ಲಿಯೇ ಆನ್ ಮಾಡಿ.

ಎಲ್ಲ ಜೋಡಿಸಿ ನೀರು ತುಂಬಿಸಿದ ದಿನವೇ ಮೀನು ಬಿಡಬೇಡಿ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ, ಅದು ವಿಷ. ರಿಂಗಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ, ಆಮೇಲೆ ಇನ್ನೊಂದು ಬಗೆಯದ್ದು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾ ನೆಲೆ ನಿಲ್ಲಲು 4-6 ವಾರ ಬೇಕು. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಇರಿ, ಗೆಳೆಯರ ಹಳೇ ಟ್ಯಾಂಕಿನ ಸ್ಪಾಂಜ್ ಸಿಕ್ಕಿದರೆ ಬೇಗ ಆಗುತ್ತದೆ. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಮೀನು. ಮುಂದೆ ಸ್ಪಾಂಜ್, ರಿಂಗ್ ತೊಳೆಯುವಾಗ ನಳ್ಳಿ ನೀರಿಗೆ ಹಿಡಿಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟಿನಲ್ಲಿಟ್ಟು ಅದರಲ್ಲಿ ಅದ್ದಿ ಹಿಂಡಿ.

ನಳ್ಳಿ ನೀರಾದರೆ ಒಂದು ದಿನ ತೆರೆದಿಟ್ಟು ಅಥವಾ ಆ್ಯಂಟಿ ಕ್ಲೋರಿನ್ ಹಾಕಿ ಬಳಸಿ. ಬಾವಿ ನೀರಾದರೆ ಕ್ಲೋರಿನ್ ತಲೆನೋವಿಲ್ಲ, ಮುರಕಲ್ಲಿನ ಬಾವಿಯ ಮೆದು ನೀರು ಲೋಚಿಗೆ ಇಷ್ಟವೇ. ಆದರೆ ಪಿಎಚ್ ನೋಡಿ. 6ಕ್ಕಿಂತ ಕೆಳಗೆ ಹೋದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸೋಮಾರಿಯಾಗುತ್ತದೆ. ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಒಂದು ಮುಷ್ಟಿ ಚಿಪ್ಪು ಎತ್ತಿಡಿ, ತೊಳೆದು, ಕುದಿಸಿ, ಬಲೆ ಚೀಲದಲ್ಲಿ ಸಂಪಿಗೆ ಹಾಕಿ. ನಿಧಾನಕ್ಕೆ ಕರಗಿ ಪಿಎಚ್ ಎತ್ತಿ ಹಿಡಿಯುತ್ತದೆ. ವಾರಕ್ಕೆ ಕಾಲು ಭಾಗ ನೀರು ಬದಲಾಯಿಸಿ.

ಹೀಟರ್ ನಮ್ಮ ಸೆಖೆಗೆ ಯಾಕೆ ಅಂತ ಕೇಳಬಹುದು. ಏಪ್ರಿಲ್‌ನಲ್ಲಿ ಬೇಡ, ಮಳೆಗಾಲಕ್ಕೆ ಬೇಕು. ನೀರು ಒಂದೇ ಸಮ ಇಲ್ಲದೆ ತಂಪಾದರೆ ಲೋಚಿಗೆ ಮೊದಲು ಬರುವುದು ಬಿಳಿ ಚುಕ್ಕೆ ರೋಗ, ಮೈಮೇಲೆ ರವೆ ಚೆಲ್ಲಿದ ಹಾಗೆ. 28 ಡಿಗ್ರಿಗೆ ಇಟ್ಟುಬಿಡಿ. ರೋಗ ಬಂದರೆ ನಿಧಾನವಾಗಿ 30ಕ್ಕೆ ಏರಿಸಿ, ಗಾಳಿ ಜಾಸ್ತಿ ಬಿಡಿ. ಇದರ ಹುರುಪೆ ತೀರಾ ಸಣ್ಣದು, ಔಷಧಿ ಬೇಗ ತಾಗುತ್ತದೆ. ಸಾಮಾನ್ಯವಾಗಿ ಅರ್ಧ ಡೋಸಿನಿಂದ ಶುರು ಮಾಡುತ್ತಾರೆ. ಹೊಸ ಮೀನನ್ನು ಮೂರು ವಾರ ಬೇರೆ ಟ್ಯಾಂಕಿನಲ್ಲಿಡಿ.

ಹಿಡಿಯುವಾಗ ಬಲೆ ಬೇಡ. ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳಿದೆ, ಹೆದರಿದರೆ ಬಿಚ್ಚುತ್ತದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬ ಬಳಸಿ.

ಮತ್ತೆ, ಅಡ್ಡ ಬಿದ್ದುಕೊಂಡಿದೆ ಅಂತ ಗಾಬರಿ ಬೇಡ. ಮೊದಲ ವಾರ ಅಮ್ಮ ಕರೆದರು, "ಏ, ನಿನ್ನ ಮೀನೊಂದು ಸತ್ತಿದೆ ನೋಡು." ಮಡಕೆಯ ಪಕ್ಕ ಒಂದು ಮಗ್ಗುಲಾಗಿ ಬಿದ್ದಿತ್ತು, ನಿಜ. ಎಟ್ಟಿಯ (ಸಿಗಡಿಯ) ಸಣ್ಣ ಚೂರು ಹಾಕಿದೆ. ಎದ್ದು ಬಂದು ತಿಂದು, ಟಕ್ ಟಕ್ ಅಂತ ಸದ್ದು ಮಾಡಿ, ವಾಪಸ್ ಹೋಗಿ ಅದೇ ಜಾಗದಲ್ಲಿ ಮತ್ತೆ ಅಡ್ಡ ಬಿತ್ತು.