ಕಚೇರಿ ಮುಗಿಸಿ ಅಪಲಾಚಿಯನ್ ಟ್ರೇಲ್‌ಗೆ: ಸಂಜೆಯ ಸೆಕ್ಷನ್ ಹೈಕ್ ಹೇಗೆ?

ಅಪಲಾಚಿಯನ್ ಟ್ರೇಲ್ ಅಂದರೆ ಅಮೆರಿಕದ ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯ ದಾಟುವ ಕಾಲುದಾರಿ. ಉದ್ದ ಸುಮಾರು 3,500 ಕಿ.ಮೀ. ಪೂರ್ತಿ ನಡೆಯೋಕೆ ಐದಾರು ತಿಂಗಳು ಬೇಕು. ಕೆಲಸ, ಮಕ್ಕಳ ಸ್ಕೂಲು, ಮನೆ ಸಾಲ ಇರುವವರಿಗೆ ಅದು ಆಗದ ಮಾತು. ಅಂಥವರು ತುಣುಕು ತುಣುಕಾಗಿ ನಡೆಯುತ್ತಾರೆ. ಇದಕ್ಕೆ ಸೆಕ್ಷನ್ ಹೈಕ್ ಅನ್ನುತ್ತಾರೆ. ಒಂದು ಸಂಜೆಗೆ ಒಂದು ತುಣುಕು ಸಾಕು.

ನ್ಯೂಜೆರ್ಸಿಯಲ್ಲಿ ಈ ದಾರಿ 115 ಕಿ.ಮೀ.ಯಷ್ಟಿದೆ. ಎಡಿಸನ್ ಸುತ್ತಮುತ್ತಲ ಕನ್ನಡದ ಮನೆಗಳಿಂದ ವರ್ನನ್ ಊರಿಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿರುವುದು 'ಸ್ಟೇರ್‌ವೇ ಟು ಹೆವನ್' ಅನ್ನುವ ಕಡಿದಾದ ಏರು ಮತ್ತು ಪೋಚಕ್ ಹಲಗೆದಾರಿ. ಎರಡೂ ಸೇರಿ ಸುಮಾರು 8 ಕಿ.ಮೀ. ನಡಿಗೆ. ಮೊದಲ ಸಂಜೆಗೆ ನಾನು ಹೇಳುವುದು ಇದನ್ನೇ.

ಗಡಿಯಾರವನ್ನು ಹಿಂದಕ್ಕೆ ಎಣಿಸಿ

ಎಷ್ಟು ಹೊತ್ತಿಗೆ ಹೊರಡಬೇಕು ಅನ್ನುವುದಕ್ಕಿಂತ ಮೊದಲು, ಅವತ್ತು ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಅಂತ ನೋಡಿ. ಜೂನ್ ಕೊನೆಯಲ್ಲಿ ಇಲ್ಲಿ ಸುಮಾರು ರಾತ್ರಿ 8.30. ಅಲ್ಲಿಂದ ಹಿಂದಕ್ಕೆ ಬನ್ನಿ. ಹಲಗೆದಾರಿಗೆ ಒಂದು ಗಂಟೆ, ಬೆಟ್ಟ ಇಳಿಯಲು ಒಂದು ಗಂಟೆ, ಮೇಲೆ ಕೂರಲು ಅರ್ಧ ಗಂಟೆ, ಹತ್ತಲು ಒಂದೂಕಾಲು. ಅಂದರೆ 4.45ಕ್ಕೆಲ್ಲ ಕಾಲು ದಾರಿಯ ಮೇಲಿರಬೇಕು. ಶುಕ್ರವಾರ ಸ್ವಲ್ಪ ಬೇಗ ಲಾಗೌಟ್ ಆದರೆ ಆಗುತ್ತೆ.

ಅಕ್ಟೋಬರ್ ಮಧ್ಯದಲ್ಲಿ ಸೂರ್ಯ 6.20ರ ಹೊತ್ತಿಗೇ ಹೋಗುತ್ತಾನೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಇದು ಸಂಜೆಯ ಹೈಕ್ ಅಲ್ಲವೇ ಅಲ್ಲ, ಮಧ್ಯಾಹ್ನದ ಹೈಕ್. ನಮ್ಮೂರಿಗಿಂತ ಇಲ್ಲಿ ಮುಸ್ಸಂಜೆ ಜಾಸ್ತಿ ಹೊತ್ತು ಇರುತ್ತೆ, ನಿಜ. ಆದರೆ ಆಕಾಶದಲ್ಲಿ ಬೆಳಕಿದ್ದರೂ ಮರಗಳ ಅಡಿಯಲ್ಲಿ ಕತ್ತಲೆ ಬೇಗ ಬರುತ್ತೆ. ಹಾಗಾಗಿ ಆ ಮುಸ್ಸಂಜೆ ಬೆಳಕನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎರಡು ಕಾರು, ಒಂದು ಕೀಲಿ

ನಡಿಗೆ ಶುರುವಾಗುವ ಜಾಗ ಬೇರೆ, ಮುಗಿಯುವ ಜಾಗ ಬೇರೆ. ಹಾಗಾಗಿ ಇಬ್ಬರು ಎರಡು ಕಾರಿನಲ್ಲಿ ಬಂದರೆ ಸುಲಭ. ಮೊದಲು ನಡಿಗೆ ಮುಗಿಯುವ 517ನೇ ರಸ್ತೆಯ ಹತ್ತಿರ ಒಂದು ಕಾರು ಬಿಡಿ. ಇನ್ನೊಂದರಲ್ಲಿ ನಡಿಗೆ ಶುರುವಾಗುವ 94ನೇ ರಸ್ತೆಗೆ ಬನ್ನಿ. ಅಲ್ಲಿನ ಪಾರ್ಕಿಂಗ್ ಚಿಕ್ಕದು, ವಾರಾಂತ್ಯದಲ್ಲಿ ಬೇಗ ತುಂಬುತ್ತೆ. ಎಷ್ಟು ಹೊತ್ತಿನವರೆಗೆ ನಿಲ್ಲಿಸಬಹುದು ಅಂತ ಬೋರ್ಡ್ ಓದಿ. ಮೊದಲ ಕಾರಿನ ಕೀಲಿ ಎರಡನೇ ಕಾರಿನಲ್ಲೇ ಉಳಿದರೆ ಆಮೇಲೆ ಗೆಳೆತನಕ್ಕೇ ಕುತ್ತು. ಕೀಲಿ ಚೀಲಕ್ಕೆ ಹಾಕಿದ್ದನ್ನು ಇಬ್ಬರೂ ಕಣ್ಣಾರೆ ನೋಡಿ.

ಮೊದಲು ಬೆಟ್ಟ, ಆಮೇಲೆ ಹಲಗೆ

ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಬೆಟ್ಟದ ಮೇಲೆ ಕೂತು ಸೂರ್ಯಾಸ್ತ ನೋಡಿ, ಕತ್ತಲಲ್ಲಿ ಇಳಿಯುತ್ತಾರೆ. ಫೋಟೋ ಚೆನ್ನಾಗಿ ಬರುತ್ತೆ, ಮಂಡಿಯ ಕಥೆ ಕೇಳಬೇಡಿ. ಸುಮಾರು ಎರಡು ಕಿ.ಮೀ.ನಲ್ಲಿ 900 ಅಡಿ ಏರುವ ದಾರಿ ಇದು. ಮೆಟ್ಟಿಲು ಅಂದರೆ ನಮ್ಮ ಚಾಮುಂಡಿ ಬೆಟ್ಟದ ಹಾಗೆ ಒಂದೇ ಅಳತೆಯವಲ್ಲ. ಒಂದು ಕಲ್ಲು ಗೇಣುದ್ದ, ಮುಂದಿನದು ಮೊಣಕಾಲೆತ್ತರ, ಅದರ ಪಕ್ಕದ್ದು ವಾಲಿಕೊಂಡಿರುತ್ತೆ. ಹತ್ತುವಾಗ ಉಸಿರು ಕಟ್ಟುತ್ತೆ, ಅಷ್ಟೇ. ಬೀಳುವುದು ಇಳಿಯುವಾಗ. ಅದನ್ನು ಹಗಲಿನಲ್ಲೇ ಮುಗಿಸಿಬಿಡಿ.

ಇಳಿಯುವಾಗ ಪಾದವನ್ನು ಸ್ವಲ್ಪ ಅಡ್ಡ ಇಡಿ. ಭಾರ ಹಾಕುವ ಮೊದಲು ಕಲ್ಲು ಅಲುಗುತ್ತಾ ನೋಡಿ. ಕೋಲಿದ್ದರೆ ಮೊದಲು ಕೋಲು ಕೆಳಗೆ, ಆಮೇಲೆ ಕಾಲು. ಒದ್ದೆ ಎಲೆ ಬಿದ್ದಿರುವ ಕಲ್ಲನ್ನು ನಂಬಬೇಡಿ.

ದಾರಿ ಹಿಡಿಯುವುದು ಕಷ್ಟವಲ್ಲ. ಮರದ ಮೇಲೆ ಎರಡು ಇಂಚು ಅಗಲ, ಆರು ಇಂಚು ಉದ್ದದ ಬಿಳಿ ಬಣ್ಣದ ಪಟ್ಟಿ ಕಂಡರೆ ಅದೇ ಅಪಲಾಚಿಯನ್ ಟ್ರೇಲ್. ಒಂದರ ಮೇಲೊಂದು ಎರಡು ಪಟ್ಟಿ ಇದ್ದರೆ ತಿರುವು ಬಂತು ಅಂತ. ನೀಲಿ ಪಟ್ಟಿ ಅಂದರೆ ಕವಲುದಾರಿ. ಮೇಲೆ ಪಿನ್‌ವೀಲ್ ವಿಸ್ಟಾ ಅನ್ನುವ ಬಂಡೆಗೆ ಹೋಗುವುದು ಇಂಥ ನೀಲಿ ಕವಲಿನಲ್ಲಿ. ಪಶ್ಚಿಮಕ್ಕೆ ಇಡೀ ಕಣಿವೆ ತೆರೆದುಕೊಳ್ಳುತ್ತೆ. ಆಕಾಶ ಶುಭ್ರವಾಗಿದ್ದರೆ ದೂರದ ಬೆಟ್ಟಸಾಲಿನಲ್ಲಿ ಹೈ ಪಾಯಿಂಟ್‌ನ ಸ್ಮಾರಕ ಕಂಬ ಕಡ್ಡಿಯಷ್ಟು ಕಾಣುತ್ತೆ. 1,803 ಅಡಿಯ ಆ ಜಾಗವೇ ನ್ಯೂಜೆರ್ಸಿಯ ತುತ್ತತುದಿ. ವಾಪಸ್ ಬಿಳಿ ಪಟ್ಟಿಗೆ ಬಂದಾಗ ಬಂದ ದಿಕ್ಕಿಗೇ ತಿರುಗಿ. ಸುಮ್ನೆ ಮಾತಾಡುತ್ತಾ ಮುಂದಕ್ಕೆ ಹೋದರೆ ನ್ಯೂಯಾರ್ಕ್ ರಾಜ್ಯದ ಕಡೆ ಹೊರಟಿರುತ್ತೀರಿ.

ಕೆಳಗಿಳಿದು 94ನೇ ರಸ್ತೆ ದಾಟಿದರೆ ದನ ಮೇಯುವ ಹುಲ್ಲುಗಾವಲು. ಸಗಣಿ ನೋಡಿಕೊಂಡು ನಡೆಯಿರಿ, ಅದನ್ನು ಹೇಳಿಕೊಡಬೇಕಿಲ್ಲ. ಮುಂದೆ ರೈಲು ಹಳಿ. ಗೂಡ್ಸ್ ಗಾಡಿ ಈಗಲೂ ಓಡುತ್ತೆ, ಎರಡೂ ಕಡೆ ನೋಡಿ ದಾಟಿ. ಆಮೇಲೆ ಪೋಚಕ್ ಹೊಳೆಯ ಜೌಗು ನೆಲದ ಮೇಲೆ ಕಟ್ಟಿದ ಉದ್ದನೆಯ ಹಲಗೆದಾರಿ, ನಡುವೆ ಒಂದು ತೂಗುಸೇತುವೆ. ಎರಡೂ ಬದಿ ಆಳೆತ್ತರದ ಜೊಂಡು. ಭುಜದ ಮೇಲೆ ಕೆಂಪು ಮಚ್ಚೆಯ ಕಪ್ಪು ಹಕ್ಕಿಗಳು ಜೊಂಡಿನ ತುದಿಯಲ್ಲಿ ಕೂತು ಕೂಗುತ್ತಿರುತ್ತವೆ. ನೆಲ ಸಮತಟ್ಟು, ಮುಖ ಪಶ್ಚಿಮಕ್ಕೆ. ಸೂರ್ಯಾಸ್ತ ನೋಡಬೇಕಾದ್ದು ಇಲ್ಲಿ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನು ಬೆಟ್ಟಕ್ಕೆ ಎಳೆಯಬೇಡಿ. 517ರ ಕಡೆಯಿಂದ ಈ ಹಲಗೆದಾರಿಗೆ ಮಾತ್ರ ಕರೆತನ್ನಿ.

ಚೀಲದಲ್ಲಿ ಏನಿರಬೇಕು?

ತಲೆಗೆ ಕಟ್ಟುವ ಹೆಡ್‌ಲ್ಯಾಂಪ್, ತಲೆಗೊಂದು. ಫೋನಿನ ಟಾರ್ಚ್ ಲೆಕ್ಕಕ್ಕಿಲ್ಲ, ಒಂದು ಕೈ ಹೋಗುತ್ತೆ, ಬ್ಯಾಟರಿಯೂ ಹೋಗುತ್ತೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಬೆವರು ಆರಿದ ಮೇಲೆ ಹಾಕಲು ತೆಳು ಜಾಕೆಟ್. ತಿನ್ನಲು ಪುಳಿಯೋಗರೆ ಇರಲಿ, ಚಕ್ಕುಲಿ ಇರಲಿ, ಚೂರೂ ಬಿಟ್ಟು ಬರಬೇಡಿ. ಕಿತ್ತಳೆ ಸಿಪ್ಪೆ ಸಮೇತ ವಾಪಸ್ ತನ್ನಿ. ಇದು ಕರಡಿ ಇರುವ ಕಾಡು. ಕರಡಿ ಕಂಡರೆ ಓಡಬೇಡಿ. ಜೋರಾಗಿ ಮಾತಾಡುತ್ತಾ ಮೆಲ್ಲಗೆ ಹಿಂದೆ ಸರಿಯಿರಿ.

ಕರಡಿಗಿಂತ ಹೆದರಬೇಕಾದ್ದು ಉಣ್ಣೆಗೆ

ಮಲೆನಾಡಿನವರಿಗೆ ರಕ್ತ ಹೀರುವ ಈ ಉಣ್ಣೆ ಹುಳ (ಟಿಕ್) ಹೊಸದಲ್ಲ. 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದೂ ಉಣ್ಣೆಯಿಂದಲೇ. ಇಲ್ಲಿ ಅದು ಹರಡುವುದು ಲೈಮ್ ಕಾಯಿಲೆಯನ್ನು. ಮರಿ ಉಣ್ಣೆ ಗಸಗಸೆ ಕಾಳಿನಷ್ಟು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಬೇಸಿಗೆಯ ಶುರುವಿನಲ್ಲಿ ಅವುಗಳ ಕಾಟ ಜಾಸ್ತಿ. ತಿಳಿ ಬಣ್ಣದ ಉದ್ದ ಪ್ಯಾಂಟ್ ಹಾಕಿ, ಅದರ ತುದಿ ಕಾಲುಚೀಲದೊಳಗೆ ಸೇರಿಸಿ. ನೋಡಲು ಚೆನ್ನಾಗಿರಲ್ಲ, ಪರವಾಗಿಲ್ಲ. ಬೂಟು, ಪ್ಯಾಂಟಿಗೆ ಉಣ್ಣೆ ಕೊಲ್ಲುವ ಪರ್ಮೆಥ್ರಿನ್ ಔಷಧ ಸಿಂಪಡಿಸಿ, ಹಿಂದಿನ ದಿನವೇ ಒಣಗಿಸಿಡಿ. ಇದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ.

ಮನೆಗೆ ಬಂದವರೇ ಸೋಫಾದ ಮೇಲೆ ಕೂರಬೇಡಿ. ಬಟ್ಟೆ ಬಿಚ್ಚಿ, ಒದ್ದೆ ಮಾಡದೆ ಡ್ರೈಯರ್‌ಗೆ ಹಾಕಿ, ಹತ್ತು ನಿಮಿಷ ಜೋರು ಬಿಸಿಯಲ್ಲಿ ತಿರುಗಿಸಿ. ಒಗೆಯುವುದು ಆಮೇಲೆ. ಸ್ನಾನ ಮಾಡುವಾಗ ಮಂಡಿ ಹಿಂದೆ, ಸೊಂಟದ ಸುತ್ತ, ಕಂಕುಳು, ಕಿವಿ ಹಿಂದೆ ಬೆರಳಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ಅಂಟಿದ ಕಡೆಯೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ ಅಥವಾ ಚರ್ಮದ ಮೇಲೆ ಕೆಂಪು ಕಲೆ ಹರಡುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದ ದಿನವನ್ನೂ ಹೇಳಿ.