ಮಿತ್ರಸೇನೆಗಳ ಪಾತ್ರ ಹಂಚಿಕೆಯನ್ನು ಅಭ್ಯಾಸ ಮಾಡುವ ಬಗೆ: ನಾರ್ಮಂಡಿಯ ನಿದರ್ಶನ

ಹಲವು ದೇಶಗಳ ಸೇನೆಗಳು ಒಟ್ಟುಗೂಡಿ ದಂಡೆತ್ತಿ ಹೋಗುವ ಮುನ್ನ ಯಾರು ಯಾವ ಹೊಣೆ ಹೊರಬೇಕೆಂದು ಹೇಗೆ ತೀರ್ಮಾನಿಸಿಕೊಳ್ಳುತ್ತವೆ ಎಂಬುದನ್ನು ಅರಿಯಬಯಸುವವರು ಯುದ್ಧದ ದಿನದಿಂದ ಓದಲು ತೊಡಗಬಾರದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಶದಲ್ಲಿದ್ದ ಫ್ರಾನ್ಸಿನ ಉತ್ತರ ತೀರದ ಮೇಲೆ ಮಿತ್ರಸೇನೆಗಳು ನಡೆಸಿದ 1944ರ ಜೂನ್ 6ರ ನಾರ್ಮಂಡಿ ದಾಳಿಯನ್ನು ಅಭ್ಯಾಸಕ್ಕೆ ಎತ್ತಿಕೊಂಡರೆ ಕನಿಷ್ಠ 1943ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮತ್ತು ಬ್ರಿಟಿಷ್ ಪ್ರಧಾನಿ ಚರ್ಚಿಲ್ ಸೇರಿದ್ದ ಕಾಸಾಬ್ಲಾಂಕಾ ಸಮ್ಮೇಳನದವರೆಗಾದರೂ ಹಿಂದಕ್ಕೆ ಹೋಗಬೇಕು.

ಮೊದಲು ಹುದ್ದೆಗಳನ್ನು ದೇಶವಾರು ಬರೆದುಕೊಳ್ಳಿ. ದಂಡನಾಯಕನೇ ನೇಮಕವಾಗದಿದ್ದ ಹೊತ್ತಿನಲ್ಲಿ, 1943ರ ಮಾರ್ಚ್‌ನಿಂದ, ಬ್ರಿಟಿಷ್ ಸೇನಾಧಿಕಾರಿ ಫ್ರೆಡರಿಕ್ ಮಾರ್ಗನ್ ಅಮೆರಿಕದ ರೇ ಬಾರ್ಕರ್ ಅವರನ್ನು ಉಪನಾಯಕರನ್ನಾಗಿ ಇಟ್ಟುಕೊಂಡು ಲಂಡನ್ನಿನ ನಾರ್‌ಫೋಕ್ ಹೌಸ್‌ನಲ್ಲಿ ಯೋಜನೆ ರೂಪಿಸಿದರು. ಡಿಸೆಂಬರ್‌ನಲ್ಲಿ ಅಮೆರಿಕದ ಐಸೆನ್‌ಹೋವರ್ ಸರ್ವೋಚ್ಚ ದಂಡನಾಯಕರೆಂದು ಆಯ್ಕೆಯಾದಾಗ ಅವರ ಕೈಕೆಳಗಿನ ಉಪನಾಯಕ, ನೌಕಾಪಡೆ, ವಾಯುಪಡೆ ಮತ್ತು ಭೂಸೇನೆಯ ಮುಖ್ಯಸ್ಥರ ಹುದ್ದೆಗಳೆಲ್ಲ ಬ್ರಿಟಿಷರ ಪಾಲಾದವು. ಇಷ್ಟನ್ನೇ ಎಣಿಸಿ ಬ್ರಿಟಿಷರು ಗೆದ್ದರೆಂದು ಬರೆದುಬಿಡುವುದು ಆತುರವಾದೀತು. ಭೂಸೇನೆಯ ಮುಖ್ಯಸ್ಥರಾಗಿದ್ದ ಮಾಂಟ್ಗೊಮರಿಯವರ ಅಧಿಕಾರ 1944ರ ಸೆಪ್ಟೆಂಬರ್ 1ಕ್ಕೆ ಐಸೆನ್‌ಹೋವರ್ ಕೈಗೆ ಹೋಯಿತು. ಆದ್ದರಿಂದ ಪ್ರತಿ ಹುದ್ದೆಯ ಎದುರು ಅದರ ಅವಧಿಯನ್ನೂ ಗುರುತಿಸಿಕೊಳ್ಳಬೇಕು.

ಬಳಿಕ ಸೈನಿಕರನ್ನಲ್ಲ, ದಡಕ್ಕೆ ಇಳಿಸುವ ಹಡಗು ದೋಣಿಗಳನ್ನು ಲೆಕ್ಕ ಹಾಕಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ಮಾರ್ಗನ್, ಮೊದಲ ದಾಳಿಗೆ ಸಮುದ್ರಮಾರ್ಗವಾಗಿ ಮೂರೇ ಡಿವಿಷನ್‌ಗಳನ್ನು (ಸಾವಿರಾರು ಸೈನಿಕರ ದೊಡ್ಡ ತುಕಡಿಗಳನ್ನು) ಯೋಜಿಸಿದ್ದರು. ಐದಾದರೂ ಬೇಕೆಂದು ಮಾಂಟ್ಗೊಮರಿ ಪಟ್ಟು ಹಿಡಿದಾಗ ದಾಳಿ ಮೇ ತಿಂಗಳಿನಿಂದ ಜೂನ್‌ಗೆ ಜಾರಿತು. ಹಡಗು ದೋಣಿಗಳು ಎರಡೂ ಕಡೆಗೆ ಸಾಲದೆ, ಅಮೆರಿಕನ್ನರಿಗೆ ಬಹಳ ಬೇಕಾಗಿದ್ದ ದಕ್ಷಿಣ ಫ್ರಾನ್ಸಿನ ದಾಳಿ ಆಗಸ್ಟ್ 15ರವರೆಗೆ ಮುಂದಕ್ಕೆ ಹೋಯಿತು.

ನಕಾಶೆಯನ್ನು ನೋಡುವಾಗ ಕಡಲತೀರಗಳ ಹೆಸರಿಗಿಂತ ಬಂದರುಗಳ ಕಡೆಗೆ ಗಮನವಿರಲಿ. ಯೂಟಾ, ಒಮಾಹಾ ಅಮೆರಿಕನ್ನರಿಗೆ, ಗೋಲ್ಡ್, ಸ್ವೋರ್ಡ್ ಬ್ರಿಟಿಷರಿಗೆ, ಜುನೋ ಕೆನಡಾದವರಿಗೆ ಎಂಬ ಹಂಚಿಕೆಯ ಹಿಂದೆ ಶೌರ್ಯದ ಲೆಕ್ಕಾಚಾರವೇನೂ ಇರಲಿಲ್ಲ. ಅಮೆರಿಕನ್ ಪಡೆಗಳು ಇಂಗ್ಲೆಂಡಿನ ನೈಋತ್ಯದಲ್ಲಿ ಬೀಡುಬಿಟ್ಟಿದ್ದವು, ಬ್ರಿಟಿಷರು ಆಗ್ನೇಯದಲ್ಲಿದ್ದರು; ಅಮೆರಿಕದಿಂದ ನೇರವಾಗಿ ಬರುವ ಸಾಮಗ್ರಿಗೆ ಫ್ರಾನ್ಸಿನ ಪಶ್ಚಿಮ ಭಾಗದ ಶೆರ್ಬೂರ್ ಮತ್ತು ಬ್ರಿಟನಿ ಪ್ರಾಂತ್ಯದ ಬಂದರುಗಳೇ ಅನುಕೂಲವಾಗಿದ್ದವು. ಅದಲುಬದಲು ಮಾಡಿದ್ದರೆ ಎರಡೂ ಸೇನೆಗಳ ಸರಬರಾಜು ದಾರಿಗಳು ಒಂದನ್ನೊಂದು ಅಡ್ಡ ಹಾಯಬೇಕಾಗುತ್ತಿತ್ತು. ಇಂಗ್ಲೆಂಡಿನಿಂದ ನೋಡಿದರೆ ಬಲಗಡೆ ಹೊರಟ ಅಮೆರಿಕನ್ನರು ಜರ್ಮನಿಯನ್ನು ಹೊಕ್ಕಾಗಲೂ ಬಲಗಡೆಯೇ, ಅಂದರೆ ದಕ್ಷಿಣದಲ್ಲೇ, ಇರುತ್ತಾರಲ್ಲವೇ? ಯುದ್ಧ ಮುಗಿದ ಮೇಲೆ ಆಳುವ ವಲಯವಾಗಿ ವಾಯವ್ಯ ಜರ್ಮನಿಯೇ ತಮಗೆ ಬೇಕೆನ್ನುತ್ತಿದ್ದ ರೂಸ್‌ವೆಲ್ಟ್, 1944ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಕ್ವಿಬೆಕ್ ಸಮ್ಮೇಳನದಲ್ಲಿ ಅದನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟು ಬ್ರೆಮೆನ್ ಬಂದರನ್ನು ಉಳಿಸಿಕೊಂಡರು.

ಎಲ್ಲಕ್ಕಿಂತ ನಿಧಾನವಾಗಿ ಓದಬೇಕಾದದ್ದು ಆದೇಶಗಳಲ್ಲಿನ ಪದಗಳನ್ನು. ದೂರಗಾಮಿ ಬಾಂಬರ್ ವಿಮಾನಗಳಿಂದ ಫ್ರಾನ್ಸಿನ ರೈಲು ಜಾಲವನ್ನು ಕೆಡವಿಸಲು ಐಸೆನ್‌ಹೋವರ್ ಬಯಸಿದ್ದರು. ಬ್ರಿಟಿಷ್ ಬಾಂಬರ್ ಪಡೆಯ ಹ್ಯಾರಿಸ್‌ಗೆ ಜರ್ಮನಿಯ ನಗರಗಳು ಮುಖ್ಯವಾಗಿದ್ದರೆ, ಅಮೆರಿಕದ ಸ್ಪಾಟ್ಸ್‌ಗೆ ತೈಲ ಘಟಕಗಳು ಮುಖ್ಯವಾಗಿದ್ದವು. ಫ್ರೆಂಚ್ ನಾಗರಿಕರ ಸಾವಿನ ಅಂಜಿಕೆ ಚರ್ಚಿಲ್‌ರನ್ನು ಕಾಡುತ್ತಿತ್ತು. ಐಸೆನ್‌ಹೋವರ್‌ಗೆ ಈ ಪಡೆಗಳ ‘ಆಧಿಪತ್ಯ’ ಇರಬೇಕೆಂದು ಅಮೆರಿಕನ್ನರು, ‘ಮೇಲ್ವಿಚಾರಣೆ’ ಸಾಕೆಂದು ಬ್ರಿಟಿಷರು ವಾದಿಸಿದರು. ಬೇಸತ್ತ ಐಸೆನ್‌ಹೋವರ್, ಇದು ಕೂಡಲೇ ಇತ್ಯರ್ಥವಾಗದಿದ್ದರೆ ಹುದ್ದೆಯಿಂದ ಬಿಡುಗಡೆ ಕೇಳುವೆನೆಂದು 1944ರ ಮಾರ್ಚ್‌ನಲ್ಲಿ ದಿನಚರಿಯಲ್ಲಿ ಬರೆದುಕೊಂಡರು. ಕೊನೆಗೆ ಎರಡೂ ದೇಶಗಳು ಒಪ್ಪಿದ ಪದ ‘ನಿರ್ದೇಶನ’. ಏಪ್ರಿಲ್ ಮಧ್ಯದಲ್ಲಿ ಬಾಂಬರ್‌ಗಳು ಆ ಪದದ ಅಡಿಯಲ್ಲಿಯೇ ಐಸೆನ್‌ಹೋವರ್ ಕೈಗೆ ಬಂದವು. ಇಂಥ ಕಡೆ ಅಂತಿಮ ಆದೇಶವನ್ನಷ್ಟೇ ಓದಿದವರಿಗೆ ಜಗಳದ ಸುಳಿವೂ ಸಿಗದು. ಕರಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಕಡೆಯದಾಗಿ, ಮಾತುಕತೆಯ ಮೇಜಿನಿಂದ ದೂರವಿದ್ದವರನ್ನು ಹುಡುಕಿ. ಕೆನಡಾದ ಸೇನಾನಾಯಕ ಕ್ರೆರಾರ್, ಅಗತ್ಯಬಿದ್ದರೆ ತಮ್ಮ ಸರ್ಕಾರವನ್ನೇ ಕೇಳುವ ಹಕ್ಕನ್ನು ಬಿಟ್ಟುಕೊಡಲಿಲ್ಲ, ಮಾಂಟ್ಗೊಮರಿಗೆ ಅದು ಹಿಡಿಸಲೂ ಇಲ್ಲ. ತಮ್ಮದೇ ನೆಲದ ಮೇಲಿನ ದಾಳಿಯ ವಿಷಯವನ್ನು ದೇಶದ ಹೊರಗಿದ್ದು ಜರ್ಮನಿಯ ವಿರುದ್ಧ ಹೋರಾಡುತ್ತಿದ್ದ ಫ್ರೆಂಚರ ನಾಯಕ ಡಿಗಾಲ್‌ರಿಗೆ ತಿಳಿಸಿದ್ದು ಜೂನ್ 4ರಂದು. ಫ್ರಾನ್ಸಿನಲ್ಲಿ ಹಂಚಲು ಮಿತ್ರಪಡೆಗಳು ಮುದ್ರಿಸಿ ತಂದಿದ್ದ ನೋಟುಗಳನ್ನು ಅವರು ಖೋಟಾ ಹಣವೆಂದು ಕರೆದರು. ಜೂನ್ 14ರಂದು ನಾರ್ಮಂಡಿಗೆ ಬಂದಿಳಿದು, ಬಾಯೂ ಪಟ್ಟಣದಲ್ಲಿ ಆಡಳಿತ ನಡೆಸಲು ತಮ್ಮ ಅಧಿಕಾರಿಯನ್ನು ಬಿಟ್ಟು ಹಿಂದಿರುಗಿದರು.